ಕೆಜಿಎಫ್: ಸೊನ್ನೆ ಎಣಿಕೆಯಿಂದ ಶುರುವಾದ ಕಥೆ

ಚೆನ್ನೈನಿಂದ ಬೆಂಗಳೂರಿಗೆ ಟ್ರೈನಲ್ಲಿ ಬರುವಾಗ ಬಂಗಾರಪೇಟೆ ಬಂದ ಕೂಡಲೇ ಯಾರಾದ್ರೂ ಕೆಜಿಎಫ್ ಸಿನಿಮಾದ ಮಾತು ತೆಗೀತಾರೆ. ನನಗೆ ನೆನಪಾಗೋದು ನ್ಯೂಟ್ರಿನೋ.

ಎಲೆಕ್ಟ್ರಾನ್, ಪ್ರೋಟಾನ್ ನಮಗೆ ಶಾಲೆಯಿಂದಲೇ ಗೊತ್ತು. ಬಾಹ್ಯಾಕಾಶದ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಇನ್ನೂ ಬೇರೆ ಕಣಗಳು ಹುಟ್ತವೆ: ಮ್ಯೂವಾನ್, ನ್ಯೂಟ್ರಿನೋ. ನಿಮ್ಮ ಅಂಗೈ ಮೂಲಕ ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ಮ್ಯೂವಾನ್ ದಾಟುತ್ತೆ. ನ್ಯೂಟ್ರಿನೋಗಳಂತೂ ಭೂಮಿಯನ್ನೇ ತೂರಿ ಹೋಗ್ತವೆ. ಇವುಗಳಲ್ಲಿ ತೀರಾ ಅಪರೂಪಕ್ಕೆ ಒಂದು ಮಾತ್ರ ಬಂಡೆಯೊಳಗಿನ ಪರಮಾಣುವಿಗೆ ಡಿಕ್ಕಿ ಹೊಡೆದು ಮ್ಯೂವಾನ್ ಹುಟ್ಟಿಸುತ್ತೆ. ಆದರೆ ಮೇಲಿಂದ ಸುರಿಯೋ ಮ್ಯೂವಾನ್‌ಗಳ ಗದ್ದಲದಲ್ಲಿ ಅದನ್ನು ಗುರುತಿಸೋದು ಹೇಗೆ?

1951ರಲ್ಲಿ ಹೋಮಿ ಭಾಭಾ ಸೂಚನೆ ಮೇರೆಗೆ, ಮುಂಬೈನ ಟಿಐಎಫ್‌ಆರ್‌ನಿಂದ ನಮ್ಮ ನಂಜನಗೂಡು ಕಡೆಯ ಬಿ.ವಿ. ಶ್ರೀಕಂಠನ್ ಕೋಲಾರದ ಗಣಿಗೆ ಇಳಿದರು. ಆಳಕ್ಕೆ ಹೋದಂತೆ ಮ್ಯೂವಾನ್ ಎಷ್ಟು ಕಮ್ಮಿ ಆಗ್ತವೆ ಅಂತ ಅಳೆಯೋ ಕೆಲಸ. 1960ರ ದಶಕದ ಶುರುವಿನಲ್ಲಿ, ಅತ್ಯಂತ ಆಳದ ಜಾಗದಲ್ಲಿ ಸುಮಾರು ಎರಡು ತಿಂಗಳು ಕಾದರೂ ಎಣಿಕೆ ಸೊನ್ನೆ!

ನಾವಾದ್ರೆ ಲಾಗ್ ಖಾಲಿ ಇದೆ ಅಂತ ಟಿಕೆಟ್ ಹಾಕ್ತಿದ್ವಿ. ಅವರಿಗೆ ಆ ಸೊನ್ನೆಯಲ್ಲೇ ದಾರಿ ಕಂಡಿತು. ಗದ್ದಲ ಇಲ್ಲದ ಕಡೆ ಪಿಸುಮಾತೂ ಕೇಳುತ್ತೆ, ಅಲ್ವಾ?

ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳೂ ಕೈಜೋಡಿಸಿದರು. ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಗೋಡೆಯ ಹಾಗೆ ನಿಲ್ಲಿಸಿದರು. ಯಾಕಂದ್ರೆ ಬಂಡೆ ದಾಟಿ ಬರೋ ಅಳಿದುಳಿದ ಮ್ಯೂವಾನ್ ನೇರ ಮೇಲಿಂದ ಬರುತ್ತೆ. ಅಡ್ಡಡ್ಡ ಬಂದದ್ದು ನ್ಯೂಟ್ರಿನೋದ ಗುರುತು. ಕಣ ಹಾದಾಗ ಪ್ಲಾಸ್ಟಿಕ್ ಹಲಗೆ ಮಿಂಚುತ್ತೆ, ನಿಯಾನ್ ಕೊಳವೆಗಳು ಅದರ ಹಾದಿ ತೋರಿಸ್ತವೆ.

1965ರಲ್ಲಿ ಸಿಕ್ಕೇಬಿಟ್ಟಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋದ ಸುಳಿವನ್ನು ಮೊದಲು ಪ್ರಕಟಿಸಿದ್ದು ಕೋಲಾರದ ತಂಡ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿದ್ದ ಫ್ರೆಡರಿಕ್ ರೈನ್ಸ್ ತಂಡದ ಉಪಕರಣ ಅದನ್ನು ಇನ್ನೂ ಮೊದಲೇ ದಾಖಲಿಸಿತ್ತು. ಅವರ ಪ್ರಬಂಧ ಬಂದದ್ದು ಮಾತ್ರ ಎರಡು ವಾರ ತಡವಾಗಿ. ಹಾಗಾಗಿ ಇಬ್ಬರಿಗೂ ಪಾಲು ಕೊಡೋದೇ ನ್ಯಾಯ.

ಪ್ರಯೋಗಾಲಯ ನಿಂತಿದ್ದು ಗಣಿಯ ಲಿಫ್ಟು, ಪಂಪುಗಳ ಆಸರೆಯಲ್ಲಿ. ಚಿನ್ನ ತೆಗೆಯೋದು ನಷ್ಟ ಅಂತಾದಾಗ, 1990ರ ದಶಕದ ಮೊದಲಲ್ಲೇ ಪ್ರಯೋಗ ನಿಂತಿತು. 2001ರಲ್ಲಿ ಗಣಿಯೇ ಮುಚ್ಚಿತು. ವಿಜ್ಞಾನಕ್ಕೆ ಆ ಆಳ ಇನ್ನೂ ಬೇಕಾಗಿತ್ತು, ಆದರೆ ಲೆಕ್ಕಪುಸ್ತಕಕ್ಕೆ ಬೇಕಿದ್ದದ್ದು ಚಿನ್ನ ಮಾತ್ರ. ಮುಂದಿನ ಸಲ ಬಂಗಾರಪೇಟೆ ಬಂದಾಗ ಪಕ್ಕದ ಸೀಟಿನವರಿಗೆ ಈ ಕಥೆನೂ ಹೇಳಿ.