ಕೆರೆ ಏರಿಯ ಮೇಲಿನ ಕಾವಲುಗಾರ

ನನ್ನ ಅಧ್ಯಾಪನ ವೃತ್ತಿಯ ಆರಂಭದ ವರ್ಷಗಳ ಮಾತು. ಒಂಬತ್ತನೆಯ ತರಗತಿಯ ಮಕ್ಕಳೊಡನೆ ತರೀಕೆರೆ ಸೀಮೆಯ ಹಳ್ಳಿಯೊಂದಕ್ಕೆ ಹೊರಸಂಚಾರ ಹೋಗಿದ್ದೆ. ಅಲ್ಲಿಯ ಕೆರೆ ಏರಿಯ ಮೇಲೆ ವೀರಗಲ್ಲೊಂದು ವಾಲಿ ನಿಂತಿತ್ತು. ಒಬ್ಬ ಹುಡುಗ ಅದನ್ನೇ ದಿಟ್ಟಿಸುತ್ತ, "ಸಾರ್, ಮೂರು ಸಾಲಿನಲ್ಲೂ ಇರುವವನು ಒಬ್ಬನೇ ಅಲ್ಲವೇ? ಒಬ್ಬನು ಮೂವರಾಗುವುದು ಹೇಗೆ?" ಎಂದು ಕೇಳಿದ. "ಅದು ಪಾಠದಲ್ಲಿಲ್ಲ, ಮುಂದೆ ನಡೆ" ಎಂದು ಗದರಿದೆ. ನಿಜವೆಂದರೆ, ಉತ್ತರ ನನಗೇ ತಿಳಿದಿರಲಿಲ್ಲ. ತಡವಾಗಿಯಾದರೂ ಈಗ ಹೇಳುತ್ತೇನೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಸಾಲಿನಲ್ಲಿ ವೀರನು ಹೋರಾಡುತ್ತಾನೆ. ನಡುವಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲಿನ ಸಾಲಿನಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿರುತ್ತಾನೆ. ನೆತ್ತಿಯ ಮೇಲೆ ಸೂರ್ಯಚಂದ್ರರು. ದೇಹ ಬಿದ್ದರೂ ಅವನು ಅಳಿಯಲಿಲ್ಲ ಎಂಬುದೇ ಇದರ ತಾತ್ಪರ್ಯ.

ಅವನು ಮಡಿದದ್ದಾದರೂ ಏತಕ್ಕೆ? ಶಾಸನಗಳು ಹೇಳುವ ಕಾರಣಗಳು ಹಲವು: ತುರುಗೊಳ್ ಎಂದರೆ ದನಗಳ ಅಪಹರಣ, ಪೆಣ್ಬುಯ್ಯಲ್ ಎಂದರೆ ಹೆಣ್ಣುಮಕ್ಕಳ ಮೊರೆ, ಊರಳಿವು ಎಂದರೆ ಊರಿನ ನಾಶ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವನ್ನು ಕಂಡವರಿಗೆ, ದನಕ್ಕಾಗಿ ಪ್ರಾಣ ಕೊಟ್ಟವರ ಮಾತು ವಿಚಿತ್ರವೆನಿಸಲಾರದು. ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟ ಕಡೂರು ಜಿಲ್ಲೆಯ ಶಾಸನಗಳದು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಅಂದು ಅದೇ ಹೆಸರು. ಅಕ್ಷರವಿಲ್ಲದೆ ನಿಂತ ವೀರಗಲ್ಲುಗಳ ವೀರರಿಗೆ ಮಾತ್ರ ಹೆಸರೂ ಉಳಿದಿಲ್ಲ.

ದೂರದ ಸ್ಕ್ಯಾಂಡಿನೇವಿಯದ ಜನರೂ ಮನುಷ್ಯನಿಗೆ ಎರಡನೆಯ ರೂಪವೊಂದಿದೆಯೆಂದು ನಂಬಿದ್ದರು. 13ನೆಯ ಶತಮಾನದಲ್ಲಿ ಐಸ್‌ಲ್ಯಾಂಡಿನಲ್ಲಿ ಬರೆಯಲಾದ ಸಾಗಾ ಕಥೆಗಳಲ್ಲಿ 'ಫಿಲ್ಗ್ಯಾ' ಬರುತ್ತದೆ. ಹಾಗೆಂದರೆ ಹಿಂಬಾಲಿಸುವುದು. ಅದು ಪ್ರಾಣಿಯಾಗಿಯೋ ಹೆಣ್ಣಾಗಿಯೋ ಕಾಣಿಸಿಕೊಳ್ಳುವ ಬೆಂಗಾವಲು. ನಾರ್ವೆಯ 'ವಾರ್ದೋಗರ್' ಇನ್ನೂ ಸೋಜಿಗದ್ದು: ಯಜಮಾನ ಮನೆ ತಲುಪುವ ಮೊದಲೇ ಅವನ ಹೆಜ್ಜೆಯ ಸದ್ದು, ಬಾಗಿಲು ತೆರೆದ ಸದ್ದು ಕೇಳಿಸುತ್ತದಂತೆ!

ಆದರೆ ಒಂದು ಅಂತರವುಂಟು. ಫಿಲ್ಗ್ಯಾ ಒಬ್ಬ ವ್ಯಕ್ತಿಗೆ ಇಲ್ಲವೇ ಒಂದು ವಂಶಕ್ಕೆ ಅಂಟಿಕೊಂಡದ್ದು. ನಮ್ಮ ವೀರನಾದರೋ ಬದುಕಿದ್ದಾಗ ಊರಿಗಾಗಿ ಹೋರಾಡಿ, ಸತ್ತ ಮೇಲೂ ಊರ ಬಳಿಯಲ್ಲೇ ನಿಂತವನು. ಅದಕ್ಕೇ ಶಾಸನ ಓದಲಾರದ ಹಳ್ಳಿಗರೂ ಎಷ್ಟೋ ಕಡೆ ಆ ಕಲ್ಲಿಗೆ ಎಣ್ಣೆ, ಕುಂಕುಮ ಹಚ್ಚಿ ಕೈಮುಗಿಯುತ್ತಾರೆ. ಕಾವಲು ದೈವಗಳಾದ ಚೌಡಿ, ಭೂತಪ್ಪರನ್ನು ನೆನೆಯುವ ಭಕ್ತಿಯೇ ಇಲ್ಲಿಯೂ ಇದೆ. ಇತಿಹಾಸದ ಪುಸ್ತಕ ಮರೆತವನನ್ನು ಈ ಭಕ್ತಿ ಕಾಪಾಡಿತು.

ಕೆಲವು ವರ್ಷಗಳ ಹಿಂದೆ ಅದೇ ಏರಿಯ ಮೇಲೆ ಮತ್ತೆ ಹೋಗಿದ್ದೆ. ಕಲ್ಲು ಅಲ್ಲಿರಲಿಲ್ಲ. ಹುಡುಕಿದಾಗ ಕೆಳಗಿನ ಕಾಲುವೆಗೆ ಅದನ್ನೇ ಅಡ್ಡ ಹಾಸಿದ್ದು ಕಂಡಿತು. ಕೆತ್ತನೆಯ ಮೇಲೆಯೇ ಜನ ದಾಟುತ್ತಿದ್ದರು. ಅಂದು ನಾನು ಆ ಹುಡುಗನಿಗೆ ಉತ್ತರ ಹೇಳಿದ್ದರೆ, ಆ ನಲವತ್ತು ಮಕ್ಕಳಲ್ಲಿ ಒಬ್ಬರಾದರೂ ಅದನ್ನು ತಡೆಯುತ್ತಿದ್ದರೇನೋ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನಲ್ಲಿ ಅಂತಹ ಕಲ್ಲಿದ್ದರೆ ಮಕ್ಕಳನ್ನು ಕರೆದೊಯ್ದು ತೋರಿಸಿ. ಅವರು ಪ್ರಶ್ನೆ ಕೇಳಿದರೆ, ನನ್ನಂತೆ ಗದರಬೇಡಿ.