ಸಿಯಾಟಲ್‌ನ ಮರದ ದೋಣಿ ಕೇಂದ್ರ: ಸ್ವಯಂಸೇವೆ ಕಟ್ಟಿದ ಸಂಸ್ಥೆ

ಸಿಯಾಟಲ್‌ನ ಲೇಕ್ ಯೂನಿಯನ್ ಸರೋವರದ ದಕ್ಷಿಣ ದಂಡೆಯಲ್ಲಿ, ಅಮೆಜಾನ್ ಕಚೇರಿಗಳಿಗೆ ಕೂಗಳತೆಯಲ್ಲಿ, ‘ಸೆಂಟರ್ ಫಾರ್ ವುಡನ್ ಬೋಟ್ಸ್’ ಇದೆ. ಆ ಭಾಗದಲ್ಲಿ ಕೆಲಸ ಮಾಡುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ನಮಗೆ ಅನ್ನ ಕೊಟ್ಟ ಈ ಊರು ಬೆಳೆದ ಬಗೆಯನ್ನು ಅರಿಯಬೇಕೆನ್ನುವವರು ಮೊದಲು ಹೋಗಬೇಕಾದದ್ದು ಅಲ್ಲಿಗೇ.

ಸಿಯಾಟಲ್ ದೋಣಿಗಳಿಂದ ಬೆಳೆದ ಊರು. ಇಲ್ಲಿನ ಮೂಲನಿವಾಸಿಗಳು ಕೆಂಪು ಸೀಡರ್ ಮರದ ಇಡೀ ದಿಮ್ಮಿಯನ್ನು ಕೊರೆದು ದೋಣಿ ಮಾಡುತ್ತಿದ್ದರು. ಮುಂದೆ ಮರದ ವ್ಯಾಪಾರ, ಮೀನುಗಾರಿಕೆ ಬಂದವು. ರಸ್ತೆ, ಸೇತುವೆ ಆಗುವ ಮೊದಲು ಪ್ಯೂಜೆಟ್ ಸೌಂಡ್ ದಡದ ಊರುಗಳಿಗೆ ಜನರನ್ನೂ ಅಂಚೆಯನ್ನೂ ಮುಟ್ಟಿಸುತ್ತಿದ್ದದ್ದು ಸಣ್ಣ ಉಗಿದೋಣಿಗಳು. 1917ರಲ್ಲಿ ಕಾಲುವೆ ತೆರೆದು ಸರೋವರಕ್ಕೂ ಕಡಲಿಗೂ ಹಡಗಿನ ದಾರಿಯಾಯಿತು. ಬೋಯಿಂಗ್‌ನ ಮೊದಲ ವಿಮಾನ 1916ರಲ್ಲಿ ಮೇಲೇರಿದ್ದು ಇದೇ ಸರೋವರದ ನೀರಿನಿಂದ. ಅದರ ಮೈಕಟ್ಟು ಮರ ಮತ್ತು ಬಟ್ಟೆಯದು. ದೋಣಿ ಕಟ್ಟುವವರ ಕೈಚಳಕವೇ ಅದಕ್ಕೂ ಬೇಕಾಯಿತು.

ಎರಡನೇ ಮಹಾಯುದ್ಧದ ನಂತರ ಫೈಬರ್‌ಗ್ಲಾಸ್ ಬಂತು. ಮರದ ದೋಣಿಗಳು ಮೂಲೆ ಸೇರಿದವು, ಕಟ್ಟುವ ಅಂಗಳಗಳು ಒಂದೊಂದಾಗಿ ಮುಚ್ಚಿದವು. ಆ ಹೊತ್ತಿನಲ್ಲಿ ಡಿಕ್ ವ್ಯಾಗ್ನರ್ ಮತ್ತು ಅವರ ಪತ್ನಿ ಕೊಲೀನ್ ಈ ಸರೋವರದ ಮೇಲಿನ ತೇಲುಮನೆಯಲ್ಲಿ ವಾಸವಾಗಿದ್ದರು. ವಾಸ್ತುಶಿಲ್ಪ ಕಲಿತಿದ್ದ ವ್ಯಾಗ್ನರ್ ಹಳೆಯ ದೋಣಿಗಳನ್ನು ಕೂಡಿಸಿ, ದುರಸ್ತಿ ಮಾಡಿ, 1960ರ ದಶಕದ ಕೊನೆಯಲ್ಲಿ ಮನೆಯಿಂದಲೇ ಬಾಡಿಗೆಗೆ ಕೊಡತೊಡಗಿದರು. ಆಸಕ್ತರು ಸುತ್ತ ನೆರೆದರು. 1970ರ ದಶಕದಲ್ಲಿ ಆ ಬಳಗವೇ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಯಿತು. 1983ರಲ್ಲಿ ಈಗಿನ ಜಾಗಕ್ಕೆ ಬಂತು. ವ್ಯಾಗ್ನರ್ 2017ರಲ್ಲಿ ತೀರಿಕೊಂಡರು. ಸಂಸ್ಥೆಯ ಬೆನ್ನೆಲುಬು ಇಂದಿಗೂ ಸ್ವಯಂಸೇವಕರೇ.

ಇಲ್ಲಿನ ದೋಣಿಗಳನ್ನು ಮುಟ್ಟಬಹುದು, ಹತ್ತಬಹುದು, ಹುಟ್ಟು ಹಾಕಬಹುದು. ಭಾನುವಾರಗಳಂದು ಸ್ವಯಂಸೇವಕರು ಬಂದವರನ್ನು ಹಾಯಿದೋಣಿಯಲ್ಲಿ ಉಚಿತವಾಗಿ ಕರೆದೊಯ್ಯುವ ಪದ್ಧತಿಯೂ ಇದೆ. ಈ ಧಾರಾಳತನಕ್ಕೆ ಮರದ ಗುಣವೇ ಆಧಾರ. ಒಣನೆಲದ ಮೇಲಿಟ್ಟರೆ ಹಲಗೆಗಳು ಕುಗ್ಗಿ ಸಂದು ಬಿಡುತ್ತವೆ. ನೀರಿನಲ್ಲಿದ್ದರೆ ಉಬ್ಬಿ ಒಂದಕ್ಕೊಂದು ಬಿಗಿಯುತ್ತವೆ. ಸಿಹಿನೀರಾದ್ದರಿಂದ ಮರ ಕೊರೆಯುವ ಕಡಲಹುಳುವಿನ ಕಾಟ ಇಲ್ಲಿಲ್ಲ. ಆದರೆ ಸಿಯಾಟಲ್ ಮಳೆ ದೋಣಿಯೊಳಗೆ ನಿಂತರೆ ಮರ ಕೊಳೆಯುತ್ತದೆ. ಹೊದಿಕೆ ಬಿಗಿಯುವುದು, ನೀರು ಮೊಗೆದು ಹಾಕುವುದು, ಬಣ್ಣ ಬಳಿಯುವುದು, ಸಂದುಗಳಿಗೆ ಹತ್ತಿ ತುರುಕುವುದು ಮುಗಿಯದ ಕೆಲಸ.

ದೋಣಿಗೆ ಪಕ್ಕೆಲುಬು ಕೂರಿಸುವುದನ್ನೇ ನೋಡಿ. ಓಕ್ ಮರದ ಪಟ್ಟಿಯನ್ನು ಪೆಟ್ಟಿಗೆಯಲ್ಲಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ಗಂಟೆ. ಹೊರಗೆ ತೆಗೆದ ಮೇಲೆ ಸಿಗುವ ಸಮಯ ಕೆಲವು ಕ್ಷಣ ಮಾತ್ರ. ಒಬ್ಬರು ಹಿಡಿದು, ಒಬ್ಬರು ಬಗ್ಗಿಸಿ, ಇನ್ನೊಬ್ಬರು ಬಿಗಿಯಬೇಕು. ತಡವಾದರೆ ಪಟ್ಟಿ ಸೀಳಿತು. ಇಂಥ ವಿದ್ಯೆ ಉಳಿಯುವುದು ಬಲ್ಲವರ ಪಕ್ಕದಲ್ಲಿ ನಿಂತು ಕಲಿಯುವವರಿದ್ದರೆ ಮಾತ್ರ. ಹೈಡಾ ಜನಾಂಗದ ಶಿಲ್ಪಿ ಸಾದೂಟ್ಸ್ ಇಲ್ಲೇ ಶಾಲಾಮಕ್ಕಳನ್ನು ಕೂರಿಸಿಕೊಂಡು ಸೀಡರ್ ದೋಣಿ ಕೆತ್ತಿದರು.

ನಮ್ಮ ಕರಾವಳಿಗೂ ಈ ಪಾಠ ಬೇಕು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಹೊತ್ತ ‘ಮಂಜಿ’ ಎಂಬ ಮರದ ಹಡಗುಗಳನ್ನು, ದಡದ ದೋಣಿಗಳನ್ನು ಕಟ್ಟಿದ ಕೈಗಳಿಗೆ ವಯಸ್ಸಾಗುತ್ತಿದೆ. ಹಗ್ಗದಿಂದ ಹಲಗೆ ಹೊಲಿದು ಕಟ್ಟಿದ ‘ಕೌಂಡಿನ್ಯ’ ನೌಕೆಯನ್ನು ನೌಕಾಪಡೆ 2025ರಲ್ಲಿ ಕಾರವಾರದಲ್ಲಿ ಸೇರಿಸಿಕೊಂಡದ್ದು ಹೆಮ್ಮೆಯ ವಿಷಯ. ಊರಿನ ಜನರೇ ನಡೆಸುವ ಒಂದು ದೋಣಿಮನೆಯೂ ನಮ್ಮ ಕರಾವಳಿಯಲ್ಲಿ ಆಗಬೇಕು. ಅದಕ್ಕೆ ದೊಡ್ಡ ಬಂಡವಾಳ ಬೇಡ, ಹತ್ತು ಜನರ ಶ್ರದ್ಧೆಯಿಂದ ಆರಂಭಿಸಬಹುದು ಎಂಬುದಕ್ಕೆ ವ್ಯಾಗ್ನರ್ ದಂಪತಿಯೇ ಸಾಕ್ಷಿ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಬರುವ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಈ ಕೇಂದ್ರಕ್ಕೆ ಹೋಗಿ, ಕೈಲಾದಷ್ಟು ಹೊತ್ತು ಸೇವೆ ಕೊಡಿ. ಊರಿಗೆ ಹೋದಾಗ, ದೋಣಿ ಕಟ್ಟಿದ ಹಿರಿಯರು ನಿಮ್ಮ ಕಡೆ ಇದ್ದರೆ, ಅವರನ್ನು ಮಾತಾಡಿಸಿ ಅವರ ಕೆಲಸದ ಕ್ರಮವನ್ನು ಬರೆದಿಟ್ಟುಕೊಳ್ಳಿ.