ಕರೆ ಬಂದರೆ ಹೊರಡುವವರು: ನಮ್ಮ ವಾಯುಪಡೆಯ ಮೀಸಲು ದಳಗಳ ಕಥೆ

ಮೀಸಲು ಎಂಬ ಮಾತು ನಮ್ಮ ಹಿರೇನಲ್ಲೂರಿನವರಿಗೆ ಹೊಸದಲ್ಲ. ದೇವರಿಗೆ ಎತ್ತಿಟ್ಟ ಕಾಯಿ ಮೀಸಲು. ಬಸ್ಸಿನಲ್ಲಿ ಮುಂದಿನ ಸೀಟು ಮಹಿಳೆಯರಿಗೆ ಮೀಸಲು. ಗಲಾಟೆಯಾದ ಕಡೆ ವ್ಯಾನಿನಲ್ಲಿ ಬಂದಿಳಿಯುವವರು ಮೀಸಲು ಪೊಲೀಸರು. ಆದರೆ ವಾಯುಪಡೆಗೂ ಒಂದು ಮೀಸಲು ಇದೆ, ಅದಕ್ಕೊಂದು ಕಾನೂನು ಇದೆ, ಒಂದು ಕಾಲದಲ್ಲಿ ವಾರವೆಲ್ಲ ಕಚೇರಿಯಲ್ಲಿ ದುಡಿದು ಭಾನುವಾರ ಯುದ್ಧವಿಮಾನ ಹಾರಿಸುತ್ತಿದ್ದವರೂ ನಮ್ಮ ದೇಶದಲ್ಲಿದ್ದರು ಎಂದರೆ ನಂಬುವವರು ಕಡಿಮೆ. ನಾನೂ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಎಷ್ಟೋ ವರ್ಷಗಳ ಮೇಲೆ, ಯಲಹಂಕದ ವೈಮಾನಿಕ ಪ್ರದರ್ಶನ ನೋಡಿಬಂದ ಹುಚ್ಚಿನಲ್ಲಿ ಓದುತ್ತ ಹೋದಾಗ ಇದು ತಿಳಿಯಿತು. ನಮ್ಮ ಶಾಲೆಯಿಂದ ಸೈನ್ಯಕ್ಕೂ ವಾಯುಪಡೆಗೂ ಹೋದವರು ಇರುವುದರಿಂದ ಈ ಸಂಚಿಕೆಗೆ ಅದನ್ನೇ ಬರೆಯೋಣ ಎನಿಸಿತು.

ಭಾರತೀಯ ವಾಯುಪಡೆ ಕಾನೂನಿನಲ್ಲಿ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಹಾರಲು ಶುರುಮಾಡಿದ್ದು ಮರುವರ್ಷ ಏಪ್ರಿಲ್ 1ರಂದು, ಕರಾಚಿಯ ಡ್ರಿಗ್ ರೋಡಿನಲ್ಲಿ. ಆಗ ಇದ್ದದ್ದು ನಾಲ್ಕು ವಪಿಟಿ ವಿಮಾನ, ಬೆರಳೆಣಿಕೆಯ ಅಧಿಕಾರಿಗಳು ಮತ್ತು ‘ಹವಾಯಿ ಸಿಪಾಯಿ’ ಎಂದು ಕರೆಸಿಕೊಳ್ಳುತ್ತಿದ್ದ ಹತ್ತೊಂಬತ್ತು ಜನ. ಎರಡನೇ ಮಹಾಯುದ್ಧ ಶುರುವಾದ 1939ರಲ್ಲೂ ಇಡೀ ವಾಯುಪಡೆ ಎಂದರೆ ಒಂದೇ ಸ್ಕ್ವಾಡ್ರನ್. (ಸ್ಕ್ವಾಡ್ರನ್ ಎಂದರೆ ಸುಮಾರು ಹನ್ನೆರಡರಿಂದ ಹದಿನೆಂಟು ವಿಮಾನ, ಅವುಗಳ ಪೈಲಟ್‌ಗಳು, ರಿಪೇರಿಯವರು, ವೈರ್‌ಲೆಸ್‌ನವರು, ಎಲ್ಲರೂ ಸೇರಿದ ಒಂದು ದಳ. ಅದರ ಸಣ್ಣ ಭಾಗ ಫ್ಲೈಟ್.) ಇಷ್ಟು ಉದ್ದದ ಕರಾವಳಿಯನ್ನು ಕಾಯುವವರು ಯಾರು?

ಆ ವರ್ಷ ಭಾರತದ ರಕ್ಷಣೆಯ ಬಗ್ಗೆ ವರದಿ ಕೊಟ್ಟ ಚಾಟ್‌ಫೀಲ್ಡ್ ಸಮಿತಿ ಒಂದು ದಾರಿ ಸೂಚಿಸಿತು. ಮುಖ್ಯ ಬಂದರುಗಳನ್ನು ಕಾಯಲು ಸ್ವಯಂಸೇವಕರ ಐದು ಫ್ಲೈಟ್ ಕಟ್ಟಿ ಎಂದಿತು. ಹೀಗೆ ಹುಟ್ಟಿದ್ದು ಭಾರತೀಯ ವಾಯುಪಡೆಯ ಸ್ವಯಂಸೇವಕ ಮೀಸಲು. ಒಂದನೆಯ ಫ್ಲೈಟ್ ಮದ್ರಾಸಿಗೆ, ಎರಡನೆಯದು ಮುಂಬಯಿಗೆ, ಮೂರನೆಯದು ಕಲ್ಕತ್ತೆಗೆ, ನಾಲ್ಕನೆಯದು ಕರಾಚಿಗೆ, ಐದನೆಯದು ಕೊಚ್ಚಿಗೆ. ಆಮೇಲೆ ವಿಶಾಖಪಟ್ಟಣಕ್ಕೆ ಆರನೆಯದು ಬಂತು. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹಾರಾಟ ಕಲಿತವರು, ವಿಮಾನ ಕಂಪನಿಗಳ ಪೈಲಟ್‌ಗಳು ಈ ಮೀಸಲಿಗೆ ಸೇರಿದರು. ಹೇಳಿಕೊಡಲು ವಾಯುಪಡೆಯ ಕೆಲವು ಕಾಯಂ ಅಧಿಕಾರಿಗಳನ್ನು ಕೊಟ್ಟರು.

ಜನ ಸಿಕ್ಕರು, ವಿಮಾನ ಸಿಗಲಿಲ್ಲ. ಬಟ್ಟೆ ಹೊದಿಸಿದ, ಮೇಲೆ ಕೆಳಗೆ ಎರಡೆರಡು ರೆಕ್ಕೆಯ, ತಲೆಯ ಮೇಲೆ ಸೂರಿಲ್ಲದ ಹಳೇ ವಪಿಟಿಗಳನ್ನೇ ಇವರಿಗೆ ದಾಟಿಸಿದರು. 1941ರ ಮಾರ್ಚ್ ಕೊನೆಗೆ ಹೊಸದಾಗಿ ಎರಡನೇ ಸ್ಕ್ವಾಡ್ರನ್ ಕಟ್ಟಬೇಕು ಎಂದು ಮದ್ರಾಸ್ ಮತ್ತು ಕಲ್ಕತ್ತೆಯವರಿಂದ ಆ ವಪಿಟಿಗಳನ್ನೂ ವಾಪಸ್ ಪಡೆದರು. ಬದಲಿಗೆ ಕೊಟ್ಟದ್ದು ಅಟಲಾಂಟಾ ಎಂಬ ಪ್ರಯಾಣಿಕರ ವಿಮಾನ! ಮುಂಬಯಿಯವರಿಗೂ ಪ್ರಯಾಣಿಕರ ಡಿ.ಎಚ್. 89 ವಿಮಾನಗಳು ಬಂದವು. ಚುನಾವಣೆ ಬಂದಾಗ ಊರಿನ ಜೀಪು, ಶಾಲಾ ಬಸ್ಸುಗಳನ್ನು ತಾಲ್ಲೂಕು ಆಫೀಸಿನವರು ಕರೆಸಿಕೊಳ್ಳುತ್ತಾರಲ್ಲ, ಹಾಗೆ ಯುದ್ಧಕ್ಕೆಂದು ಹಿಡಿದುಕೊಂಡ ವಿಮಾನಗಳಿವು. ಕೊಚ್ಚಿಯವರಿಗಂತೂ ಡಿ.ಎಚ್. 86 ಎಂಬ ಒಂದೇ ಒಂದು ವಿಮಾನ. ಅದೊಂದರಲ್ಲೇ ಕನ್ಯಾಕುಮಾರಿಯ ಪಶ್ಚಿಮದ ಕಡಲನ್ನೂ ಮಲಬಾರ್ ತೀರವನ್ನೂ ಗಸ್ತು ತಿರುಗಬೇಕು.

ಇದನ್ನು ಓದಿ ನಗಬಹುದು. ಆದರೆ 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿದಾಗ ಇದೇ ಫ್ಲೈಟ್‌ಗಳನ್ನು ಬರ್ಮಾಕ್ಕೆ ಕಳಿಸಿದರು. ಕರಾಚಿಯ ಫ್ಲೈಟ್ ತನ್ನ ಮುದಿ ವಿಮಾನಗಳ ಸಮೇತ ಮೌಲ್ಮೇನಿಗೆ ಹೋಯಿತು. ಕಲ್ಕತ್ತೆಯವರು ರಂಗೂನಿನ ಕಡಲಲ್ಲಿ ಹಡಗುಗಳಿಗೆ ಕಾವಲು ಹಾರಿದರು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಜಪಾನೀ ಬಾಂಬು ಬಿದ್ದ ಮೇಲೆ ಕರಾವಳಿ ಕಾವಲು ಸುಮ್ಮನೆ ಮಾಡಿದ್ದಲ್ಲ ಎಂದು ಎಲ್ಲರಿಗೂ ಅರ್ಥವಾಯಿತು. ಆ ವರ್ಷದ ಕೊನೆಗೆ ಫ್ಲೈಟ್‌ಗಳನ್ನು ವಿಸರ್ಜಿಸಿದರು. ಅವುಗಳಲ್ಲಿ ಪಳಗಿದವರು ಡಿಸೆಂಬರಿನಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿದ ಆರನೇ ಸ್ಕ್ವಾಡ್ರನ್ನಿನಂಥ ಹೊಸ ದಳಗಳಿಗೆ ಬೀಜವಾದರು. ನನ್ನ ಪ್ರಕಾರ ನಮ್ಮ ವಾಯುಪಡೆ ಒಂದು ಸ್ಕ್ವಾಡ್ರನ್ನಿನಿಂದ ಹತ್ತಕ್ಕೆ ಬೆಳೆದ ಕಥೆಯಲ್ಲಿ ಈ ಸ್ವಯಂಸೇವಕರಿಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಮೀಸಲನ್ನು ಕ್ರಮಬದ್ಧವಾಗಿ ಕಟ್ಟಲು ಸಂಸತ್ತು 1952ರಲ್ಲಿ ಒಂದು ಕಾಯ್ದೆ ಮಾಡಿತು. ಮೀಸಲು ಮತ್ತು ಸಹಾಯಕ ವಾಯುಪಡೆಗಳ ಕಾಯ್ದೆ ಎಂದು ಅದರ ಹೆಸರು. ಒಣ ಕಾನೂನಿನ ಭಾಷೆ, ಆದರೆ ಒಳಗಿನ ವ್ಯವಸ್ಥೆ ಸ್ವಾರಸ್ಯಕರ. ಅದರಲ್ಲಿ ಮೂರು ಬಗೆಯ ಜನರಿದ್ದಾರೆ.

ಮೊದಲನೆಯವರು ವಾಯುಪಡೆಯಲ್ಲಿ ದುಡಿದು ಹೊರಬಂದವರು. ಇವರದು ಕಾಯಂ ಮೀಸಲು. ಹಿಂದೆ ವಾಯುಸೈನಿಕ ಸೇರುವಾಗಲೇ ಇಷ್ಟು ವರ್ಷ ಕೆಲಸ, ಆಮೇಲೆ ಇಷ್ಟು ವರ್ಷ ಮೀಸಲು ಎಂದು ಒಪ್ಪಂದವಿರುತ್ತಿತ್ತು. ಒಂಬತ್ತು ವರ್ಷ ಕೆಲಸ, ಆರು ವರ್ಷ ಮೀಸಲು ಎಂಬುದು ಒಂದು ಕಾಲದ ಲೆಕ್ಕ. ಎರಡನೆಯವರು ಸಮವಸ್ತ್ರವನ್ನೇ ತೊಡದಿದ್ದರೂ ವಿಮಾನದ ಕೆಲಸ ಬಲ್ಲವರು: ಪೈಲಟ್‌ಗಳು, ನೆಲದ ಮೇಲಿನ ಎಂಜಿನಿಯರುಗಳು ಇತ್ಯಾದಿ. ಇವರ ಹೆಸರನ್ನು ನೋಂದಾಯಿಸಿಕೊಂಡು ವಾಯುರಕ್ಷಣಾ ಮೀಸಲಿಗೆ ಸೇರಿಸಬಹುದು. ನಮ್ಮ ರಾಜ್ಯದಲ್ಲಿ ಇಂಥವರನ್ನು ತಯಾರು ಮಾಡುತ್ತಿದ್ದದ್ದು 1948ರಲ್ಲಿ ಶುರುವಾದ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ. ಮೂರನೆಯದು ಸಹಾಯಕ ವಾಯುಪಡೆ. ಬೇರೆ ಉದ್ಯೋಗದಲ್ಲಿದ್ದುಕೊಂಡೇ ಬಿಡುವಿನಲ್ಲಿ ತರಬೇತಿ ಪಡೆಯುವ ನಾಗರಿಕರ ಸ್ಕ್ವಾಡ್ರನ್‌ಗಳು ಇವು.

ಮೂವರಿಗೂ ಕರೆ ಬರಬಹುದಾದ ಸಂದರ್ಭಗಳು ಒಂದೇ: ತರಬೇತಿಗೆ, ನಾಗರಿಕ ಆಡಳಿತದ ನೆರವಿಗೆ, ಇಲ್ಲವೇ ದೇಶದ ಒಳಗೋ ಹೊರಗೋ ವಾಯುಪಡೆಯ ಸೇವೆಗೆ. ಕರೆ ಬಂದು ಹೋದವನನ್ನು ಸೇವೆ ಮುಗಿದ ಮೇಲೆ ಮಾಲೀಕ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬ ಕಟ್ಟಳೆಯೂ ಕಾಯ್ದೆಯಲ್ಲಿದೆ. ನೌಕರಿ ಮಾಡುವವನಾಗಿ ನನಗೆ ಹಿಡಿಸಿದ್ದು ಇದೇ. ಧೈರ್ಯದ ಭಾಷಣ ಎಷ್ಟು ಮಾಡಿದರೂ ತಿಂಗಳ ಸಂಬಳ ಹೋಗುತ್ತದೆ ಎಂದರೆ ಹೆಂಡತಿ ಮಕ್ಕಳಿರುವವನು ಹೊರಡುವುದು ಹೇಗೆ?

ಸಹಾಯಕ ವಾಯುಪಡೆಯ ಸ್ಕ್ವಾಡ್ರನ್‌ಗಳಿಗೆ 51ರಿಂದ 57ರವರೆಗೆ ಸಂಖ್ಯೆ ಕೊಟ್ಟಿದ್ದರು. ದೆಹಲಿ, ಮುಂಬಯಿ, ಮದ್ರಾಸ್, ಉತ್ತರ ಪ್ರದೇಶ, ಬಂಗಾಳ, ಒರಿಸ್ಸಾ, ಪಂಜಾಬ್ ಹೀಗೆ ಒಂದೊಂದಕ್ಕೂ ಊರಿನ ಅಥವಾ ರಾಜ್ಯದ ಹೆಸರು. ಮೈಸೂರಿನ ಹೆಸರು ಅದರಲ್ಲಿಲ್ಲ. ಆದರೆ ಅವರು ಮೊದಲು ಹಾರ್ವರ್ಡ್‌ನಲ್ಲಿ ಕಲಿತು ಆಮೇಲೆ ಹಾರಿಸಿದ ವ್ಯಾಂಪೈರ್ ಜೆಟ್ ತಯಾರಾಗುತ್ತಿದ್ದದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ. ಶನಿವಾರ ಭಾನುವಾರ ಮತ್ತು ವಾರ್ಷಿಕ ಶಿಬಿರಗಳಲ್ಲಿ ಈ ಹವ್ಯಾಸಿ ಯೋಧರು ಹಾರುತ್ತಿದ್ದರು. ಈ ಪದ್ಧತಿಯ ಮೂಲ ಬ್ರಿಟನ್ನಿನದು. ಅಲ್ಲಿ 1924ರಿಂದ ಇಂಥ ದಳಗಳಿದ್ದು, 1940ರಲ್ಲಿ ಜರ್ಮನಿಯ ದಾಳಿಯನ್ನು ತಡೆದ ಫೈಟರ್ ಸ್ಕ್ವಾಡ್ರನ್‌ಗಳಲ್ಲಿ ಹದಿನಾಲ್ಕು ಅವರವೇ.

ಇಷ್ಟು ಒಳ್ಳೆಯದು ಯಾಕೆ ನಿಂತಿತು? ವಪಿಟಿಯನ್ನು ಭಾನುವಾರ ಹಾರಿಸಿ ಕಲಿಯಬಹುದು. ಗಂಟೆಗೆ 850 ಕಿ.ಮೀ. ಮೀರಿ ಓಡುವ ವ್ಯಾಂಪೈರನ್ನೂ ಕಷ್ಟಪಟ್ಟು ಕಲಿಯಬಹುದು. ಶಬ್ದಕ್ಕಿಂತ ವೇಗದ ಮಿಗ್-21 ಬಂದ ಮೇಲೆ ವಾರಕ್ಕೊಮ್ಮೆಯ ಅಭ್ಯಾಸ ಸಾಲದು. ಬ್ರಿಟನ್ ತನ್ನ ಸಹಾಯಕ ಹಾರಾಟದ ದಳಗಳನ್ನು 1957ರ ಮಾರ್ಚ್ 10ರಂದೇ ಮುಚ್ಚಿತು. ನಮ್ಮಲ್ಲಿ 1962ರ ಚೀನಾ ಯುದ್ಧದ ನಂತರ ವಾಯುಪಡೆ ಭರದಿಂದ ಬೆಳೆಯಿತು, 60ರ ದಶಕದಲ್ಲಿ ಸಹಾಯಕ ಸ್ಕ್ವಾಡ್ರನ್‌ಗಳು ಕಾಯಂ ಪಡೆಯಲ್ಲಿ ಕರಗಿದವು. ಭೂಸೇನೆಯ ಟೆರಿಟೋರಿಯಲ್ ಆರ್ಮಿ ಮಾತ್ರ 1949ರಿಂದ ಇಂದಿನವರೆಗೂ ನಡೆದು ಬಂದಿದೆ. (ಸಚಿನ್ ತೆಂಡೂಲ್ಕರ್ ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಅಲ್ಲವೇ ಎಂದು ಹುಡುಗರು ಕೇಳುತ್ತಾರೆ. ಅದು 2010ರಲ್ಲಿ ಕೊಟ್ಟ ಗೌರವ ಪದವಿ, ಮೀಸಲು ಪಡೆಯ ಕೆಲಸವಲ್ಲ. ಹಾಗೆಯೇ 1950ರಲ್ಲಿ ಶುರುವಾದ ಎನ್‌ಸಿಸಿಯ ವಾಯುದಳವೂ ಮೀಸಲು ಪಡೆಯಲ್ಲ. ಆ ಕೆಡೆಟ್‌ಗಳಿಗೆ ಯುದ್ಧಕ್ಕೆ ಹೋಗುವ ಬಾಧ್ಯತೆ ಇಲ್ಲ.)

ಹಾರುವವರ ಮೀಸಲು ಹೋದರೂ ನೆಲದ ಮೇಲಿನವರ ಮೀಸಲಿನ ಮಾತು ಉಳಿಯುತ್ತದೆ. ಒಂದು ವಿಮಾನ ಮೇಲೇರಲು ಎಂಜಿನ್ನಿನವರು, ರೆಕ್ಕೆ ಚಕ್ರಗಳನ್ನು ನೋಡುವವರು, ಬಾಂಬು ಕಟ್ಟುವವರು, ರಾಡಾರಿನವರು ಬೇಕು. ನಮ್ಮಂಥ ಹಳ್ಳಿಗಳಿಂದ ಹೋದವರು ಹೆಚ್ಚಾಗಿ ಈ ಕೆಲಸದವರೇ. ನಮ್ಮ ಶಾಲೆಯ ಆರಂಭದ ತಂಡಗಳಲ್ಲಿ ಓದಿದ ಹಿರಿಯರೊಬ್ಬರು (ಹೆಸರು ಬೇಡ ಎಂದಿದ್ದಾರೆ) ಬೆಂಗಳೂರಿನ ಕಬ್ಬನ್ ರಸ್ತೆಯ ಸೆಲೆಕ್ಷನ್ ಸೆಂಟರಿನಲ್ಲಿ ಆಯ್ಕೆಯಾಗಿ, ಜಾಲಹಳ್ಳಿಯಲ್ಲಿ ಕಲಿತು, ಏರ್‌ಫ್ರೇಮ್ ಫಿಟ್ಟರ್ ಆಗಿ ಇಪ್ಪತ್ತು ವರ್ಷ ದುಡಿದವರು. ಊರಿಗೆ ಬಂದು ತೆಂಗು, ರಾಗಿ ನೋಡಿಕೊಂಡಿದ್ದರು. 1999ರ ಮೇ 26ರಂದು ಕಾರ್ಗಿಲ್‌ನಲ್ಲಿ ವಾಯುಪಡೆ ದಾಳಿ ಶುರುಮಾಡಿದಾಗ ಅವರು ನಿವೃತ್ತರಾಗಿ ಬಹಳ ದಿನವಾಗಿರಲಿಲ್ಲ. ಈಚೆಗೆ ಊರಿಗೆ ಹೋದಾಗ ಆ ದಿನಗಳ ಬಗ್ಗೆ ಕೇಳಿದೆ.

“ದಿನಾ ಪೋಸ್ಟಿನವನ ದಾರಿ ನೋಡ್ತಿದ್ದೆ ಕಣಪ್ಪ. ಟ್ರಂಕು ಅಟ್ಟದಿಂದ ಇಳಿಸಿ ಇಟ್ಟಿದ್ದೆ. ನಾನು ಲಿಸ್ಟಲ್ಲಿ ಇದ್ದೀನೋ ಇಲ್ವೋ ಅದೂ ಸರಿಯಾಗಿ ಗೊತ್ತಿರಲಿಲ್ಲ. ಕರೆದಿದ್ರೆ ಬಿತ್ತನೆ ಅರ್ಧಕ್ಕೆ ಬಿಟ್ಟು ಹೋಗ್ತಿದ್ದೆ” ಎಂದರು. ಅವರ ಮನೆಯವರು ಒಳಗಿನಿಂದಲೇ, “ಹೋಗ್ತಿದ್ರು, ಹೋಗ್ತಿದ್ರು, ಕೂರಿಗೆ ಹಿಡಿಯೋರು ಯಾರು ಅಂತ ಕೇಳಿ” ಎಂದರು.

ಕರೆ ಬರಲಿಲ್ಲ. ಆದರೆ ಅವರ ಮಾತಿನಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಲಿಸ್ಟಿನ ವಿಷಯ. ಮೀಸಲು ಪಡೆಯೆಂದರೆ ಮುಕ್ಕಾಲು ಪಾಲು ಒಂದು ಸರಿಯಾದ ಪಟ್ಟಿ: ಯಾರಿಗೆ ಯಾವ ಕೆಲಸ ಬರುತ್ತದೆ, ಎಲ್ಲಿದ್ದಾರೆ, ಆ ಕೆಲಸ ಕೊನೆಗೆ ಮಾಡಿದ್ದು ಯಾವಾಗ. ಹಗೇವಿನಲ್ಲಿಟ್ಟ ಬೀಜದ ರಾಗಿಯನ್ನು ನಮ್ಮ ಅಜ್ಜಂದಿರು ನಡುನಡುವೆ ತೆಗೆದು ನೋಡುತ್ತಿದ್ದರು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹಾಗೆಯೇ, ಒಮ್ಮೆಯೂ ಚಾಲೂ ಮಾಡಿ ನೋಡದ ಸ್ಟ್ಯಾಂಡ್‌ಬೈ ಸರ್ವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಮಾತು ಈಗ ಇನ್ನೂ ಹತ್ತಿರಕ್ಕೆ ಬಂದಿದೆ. 2022ರ ಜೂನಿನಲ್ಲಿ ಅಗ್ನಿಪಥ ಯೋಜನೆ ಬಂದಮೇಲೆ ವಾಯುಪಡೆಗೆ ಹೋಗುವ ಹುಡುಗ ಹುಡುಗಿಯರು ಅಗ್ನಿವೀರರಾಗಿ ನಾಲ್ಕು ವರ್ಷಕ್ಕೆ ಸೇರುತ್ತಾರೆ. ಅವರಲ್ಲಿ ಕಾಯಂ ಆಗಿ ಉಳಿಯುವುದು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಮಂದಿ. ಉಳಿದವರು ಇಪ್ಪತ್ತೈದರ ಆಸುಪಾಸಿನ ವಯಸ್ಸಿಗೇ ಕಡೂರು, ಬೀರೂರಿನ ಸ್ಟೇಷನ್ನಿನಲ್ಲಿ ಇಳಿದು ಊರಿಗೆ ಬರುತ್ತಾರೆ. ಸರ್ಕಾರದ ಖರ್ಚಿನಲ್ಲಿ ಕಲಿತ ಕೈಗಳು ಅವು. ಅವರ ಹೆಸರು ಒಂದು ಜೀವಂತ ಪಟ್ಟಿಯಲ್ಲಿರಬೇಕು, ವರ್ಷಕ್ಕೊಮ್ಮೆ ಕರೆಸಿ ಕೆಲಸ ಮರೆಯದಂತೆ ನೋಡಬೇಕು, ಹೋಗಿ ಬಂದವರ ನೌಕರಿ ಹೋಗಬಾರದು. ಈ ಮೂರಕ್ಕೂ ಬೇಕಾದ ಕಾಯ್ದೆಯನ್ನು ಹೊಸದಾಗಿ ಬರೆಯಬೇಕಾಗಿಲ್ಲ, 1952ರಿಂದಲೂ ಅದು ಪುಸ್ತಕದಲ್ಲಿದೆ.